ಆಮ್ಲಜನಕದ ಅಣು: ಕಾಂತಗುಣ, ರೋಹಿತ ಮತ್ತು ಕನ್ನಡದ ಪಾಠಕ್ರಮ

ವಿಜ್ಞಾನವನ್ನು ಕನ್ನಡದಲ್ಲಿ ಬೋಧಿಸುವ ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಸುತ್ತಲೇ ಸುಳಿದಿವೆ. ಸಂಸ್ಕೃತದಿಂದ ಪದ ತರಬೇಕೆ, ಇಂಗ್ಲಿಷಿನ ಪದವನ್ನೇ ಉಳಿಸಿಕೊಳ್ಳಬೇಕೆ, ಅಚ್ಚಗನ್ನಡದಲ್ಲಿ ಹೊಸತಾಗಿ ಕಟ್ಟಬೇಕೆ ಎಂಬ ಮೂರು ದಾರಿಗಳ ವಾಗ್ವಾದ ಬೆಳ್ಳಾವೆ ವೆಂಕಟನಾರಣಪ್ಪನವರ ಕಾಲದಿಂದ ಇಂದಿನವರೆಗೂ ನಡೆದುಬಂದಿದೆ. ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಅವಧಿಯಲ್ಲಿ (1956-60) ಕಾಲೇಜು ಮಟ್ಟದ ಶಿಕ್ಷಣವೂ ಕನ್ನಡದಲ್ಲಿ ನಡೆಯಬೇಕೆಂಬ ವಾದಕ್ಕೆ ಸಾಂಸ್ಥಿಕ ಬಲ ದೊರೆಯಿತು. ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ'ದ ಸಂಪುಟಗಳು, ಜೆ. ಆರ್. ಲಕ್ಷ್ಮಣರಾಯರ ಬರವಣಿಗೆ, ಜಿ. ಟಿ. ನಾರಾಯಣರಾಯರ ವಿಶ್ವಕೋಶದ ಕೆಲಸ ಇವೆಲ್ಲ ಆ ವಾದಕ್ಕೆ ಕೃತಿರೂಪದ ಉತ್ತರಗಳು. ಆದರೆ ಪದಕ್ಕಿಂತ ದೊಡ್ಡ ಘಟಕವಾದ ವಾಕ್ಯ, ವಾಕ್ಯಕ್ಕಿಂತ ದೊಡ್ಡದಾದ ಪಾಠದ ಕ್ರಮ ಇವು ನಮ್ಮ ಅಧ್ಯಯನಕ್ಕೆ ಒಳಗಾದದ್ದು ಕಡಿಮೆ. ಪದಕೋಶದಲ್ಲಿ ನಿರ್ದುಷ್ಟವಾಗಿ ಕಾಣುವ ಪದವೊಂದು ಪಾಠದ ನಡುವೆ ಬಂದಾಗ ವಿದ್ಯಾರ್ಥಿಯ ಮನಸ್ಸಿನಲ್ಲಿ ಯಾವ ಚಿತ್ರವನ್ನು ಎಬ್ಬಿಸುತ್ತದೆ? ಈ ಪ್ರಶ್ನೆಯನ್ನು ಒಂದೇ ಒಂದು ಪಾಠದ ಮಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಯ್ದುಕೊಂಡಿರುವ ಪಾಠ ಆಮ್ಲಜನಕದ ಅಣುವಿನ ಕಾಂತಗುಣ ಮತ್ತು ರೋಹಿತಗುಣ. ಪದವಿಪೂರ್ವ ತರಗತಿಯ ರಾಸಾಯನಿಕ ಬಂಧ ಎಂಬ ಅಧ್ಯಾಯದಲ್ಲಿ ಇದು ಮೊದಲು ಎದುರಾಗುತ್ತದೆ, ಬಿ.ಎಸ್ಸಿ. ತರಗತಿಗಳಲ್ಲಿ ಮರಳಿ ಬರುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಅಲ್ಲಿಂದ ಮುಂದೆ ಇಂಗ್ಲಿಷಿನಲ್ಲಿ ವಿಜ್ಞಾನ ಓದಬೇಕಾಗಿ ಬರುವ ವಿದ್ಯಾರ್ಥಿ ಭಾಷೆಯ ಹೊಸ್ತಿಲನ್ನು ದಾಟುವ ಹೊತ್ತಿಗೇ ವಿಷಯದ ಹೊಸ್ತಿಲನ್ನೂ ದಾಟಬೇಕಾದ ಜಾಗ ಇದು. ಅದುವರೆಗೆ ಕಲಿತ ಚಿತ್ರವೊಂದು ಇಲ್ಲಿ ಒಡೆಯುತ್ತದೆ. ಎರಡು ಪರಮಾಣುಗಳ ನಡುವೆ ಎರಡು ಗೆರೆ ಎಳೆದು, ಸುತ್ತ ಚುಕ್ಕಿಗಳನ್ನು ಜೋಡಿಜೋಡಿಯಾಗಿ ಇಟ್ಟು ಬರೆದ ಆಮ್ಲಜನಕದ ಚಿತ್ರ ತಪ್ಪಿಲ್ಲದೆ ಬರೆದಿದ್ದರೂ ಪ್ರಕೃತಿಯೊಡನೆ ಹೊಂದುವುದಿಲ್ಲ. ಹೊಂದದಿರುವುದಕ್ಕೆ ಕಾರಣ ತಿಳಿಯದೆ ಹೋದ ವಿದ್ಯಾರ್ಥಿ ಆ ಅಧ್ಯಾಯವನ್ನು ಬಾಯಿಪಾಠ ಮಾಡುತ್ತಾನೆ; ಬಾಯಿಪಾಠದಿಂದ ಆಚೆಗೆ ರಸಾಯನಶಾಸ್ತ್ರ ಅವನಿಗೆ ದೊರೆಯುವುದಿಲ್ಲ. ವಿಜ್ಞಾನ ತರಗತಿಗಳ ಕನ್ನಡ ಭಾಷಾ ಪಠ್ಯಗಳಲ್ಲಿ ಒಂದೆರಡು ವಿಜ್ಞಾನ ಲೇಖನಗಳನ್ನು ಸೇರಿಸುವುದು ವಾಡಿಕೆಯಾಗಿರುವುದರಿಂದ, ಕನ್ನಡ ಅಧ್ಯಾಪಕರು ಈ ಹೊಣೆಯ ಹೊರಗೆ ನಿಲ್ಲುವಂತಿಲ್ಲ.

ಹೆಸರಿನೊಳಗೆ ಉಳಿದ ಸಿದ್ಧಾಂತ

ಮೊದಲು ಹೆಸರು. ಆಮ್ಲಜನಕ ಎಂದರೆ ಆಮ್ಲವನ್ನು ಹುಟ್ಟಿಸುವುದು. ಇದು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಲವಾಸಿಯೆ ಗ್ರೀಕ್ ಧಾತುಗಳಿಂದ ಕಟ್ಟಿದ ಹೆಸರಿನ ನೇರ ಅನುವಾದ. ಎಲ್ಲ ಆಮ್ಲಗಳಲ್ಲಿಯೂ ಈ ಅನಿಲ ಇದ್ದೇ ಇರುತ್ತದೆ ಎಂಬುದು ಅವನ ನಂಬಿಕೆ. 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಧಾತುವೆಂದು ತೋರಿಸಿದಾಗ, ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂಬುದು ಸ್ಪಷ್ಟವಾಯಿತು. ಸಿದ್ಧಾಂತ ಬಿದ್ದಿತು, ಹೆಸರು ಉಳಿಯಿತು. ಜರ್ಮನ್ ಮತ್ತು ರಷ್ಯನ್ ಭಾಷೆಗಳೂ ಇದೇ ಅರ್ಥದ ಪದಗಳನ್ನು ಕಟ್ಟಿಕೊಂಡವು. ಅಲ್ಲಿನವರೂ ನಾವೂ ಒಂದು ಹಳೆಯ ತಪ್ಪನ್ನು ಶ್ರದ್ಧೆಯಿಂದ ಅನುವಾದಿಸಿಕೊಂಡವರು. ಗ್ರೀಕ್ ಬಾರದ ಇಂಗ್ಲಿಷ್ ಓದುಗನಿಗೆ ಆಕ್ಸಿಜನ್ ಎಂಬುದು ಅರ್ಥವಿಲ್ಲದ ಅಂಕಿತನಾಮ. ಕನ್ನಡದ ಓದುಗನಿಗೆ ಆಮ್ಲಜನಕ ಎಂಬುದು ಅರ್ಥವುಳ್ಳ ಅನ್ವರ್ಥನಾಮ. ಅನ್ವರ್ಥನಾಮ ಸುಳ್ಳಾದಾಗ ಅಧ್ಯಾಪಕ ಅದನ್ನು ಹೇಳಿಯೇ ಮುಂದುವರಿಯಬೇಕಾಗುತ್ತದೆ.

ಇದಕ್ಕೆ ಪರ್ಯಾಯವಾಗಿ ಬಳಕೆಯಲ್ಲಿರುವ ಪ್ರಾಣವಾಯು ಎಂಬ ಪದ ಮರಾಠಿಯಲ್ಲಿಯೂ ತೆಲುಗಿನಲ್ಲಿಯೂ ಉಂಟು. ಆದರೆ ಆಯುರ್ವೇದದ ಪಂಚವಾಯುಗಳಲ್ಲಿ ಮೊದಲನೆಯದಾಗಿ ಆ ಹೆಸರು ಅದಾಗಲೇ ಬೇರೊಂದು ಶಾಸ್ತ್ರದ ಸ್ವತ್ತು. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ದಿನಗಳಲ್ಲಿ ಕನ್ನಡ ಪತ್ರಿಕೆಗಳು ಆಮ್ಲಜನಕ, ಆಕ್ಸಿಜನ್, ಪ್ರಾಣವಾಯು ಎಂಬ ಮೂರನ್ನೂ ಬಳಸಿದವು. ಕೊರತೆಯ ಸುದ್ದಿ ಬರೆಯುವಾಗ ಪ್ರಾಣವಾಯು ಎಂಬ ಪದಕ್ಕೆ ಇರುವ ಕರುಳಿನ ನಂಟು ಉಳಿದೆರಡಕ್ಕೆ ಇರಲಿಲ್ಲ. ಪಾಠದಲ್ಲಿ ಮಾತ್ರ ಆಮ್ಲಜನಕವೇ ವಾಸಿ ಎಂದು ನನ್ನ ಅಭಿಪ್ರಾಯ. ಅದರ ತಪ್ಪು ಚರಿತ್ರೆಯ ಒಂದು ಪಾಠವನ್ನು ತಾನಾಗಿಯೇ ಹೇಳುತ್ತದೆ.

ಸೆಳೆಯುವುದು, ಸೆಳೆತಕ್ಕೆ ಒಳಗಾಗುವುದು

'ಆಮ್ಲಜನಕಕ್ಕೆ ಕಾಂತಗುಣವಿದೆ' ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೆ ಯಾವುದು ಯಾವುದನ್ನು ಸೆಳೆಯುತ್ತದೆ ಎಂಬುದನ್ನು ಈ ವಾಕ್ಯ ಹೇಳುವುದಿಲ್ಲ. ಅಯಸ್ಕಾಂತ ಎಂಬ ಪದದಲ್ಲಿಯೇ ಅಯಸ್ಸು, ಎಂದರೆ ಕಬ್ಬಿಣ, ಕುಳಿತಿದೆ. ಕಬ್ಬಿಣಕ್ಕೆ ಕಾಂತನಾದುದು ಅಯಸ್ಕಾಂತ. ಕಾಳಿದಾಸನ 'ಕುಮಾರಸಂಭವ'ದ ಎರಡನೆಯ ಸರ್ಗದಲ್ಲಿ ಶಿವನ ಮನಸ್ಸನ್ನು ಉಮೆಯ ರೂಪದಿಂದ ಸೆಳೆಯಬೇಕೆಂಬ ಮಾತಿಗೆ ಬರುವ ಉಪಮಾನ ಇದೇ. ಸಾಂಖ್ಯರಲ್ಲಿ ಪುರುಷನ ಸನ್ನಿಧಿಯಿಂದಲೇ ಪ್ರಕೃತಿ ಚಲಿಸುವುದಕ್ಕೂ ಇದೇ ದೃಷ್ಟಾಂತ. ಕನ್ನಡದ ಸೂಜಿಗಲ್ಲು ಎಂಬ ಪದವೂ ಸೂಜಿಯನ್ನು, ಎಂದರೆ ಮತ್ತೆ ಕಬ್ಬಿಣವನ್ನೇ, ನೆನಪಿಸುತ್ತದೆ. ಹೀಗಾಗಿ ಕಾಂತಗುಣ ಎಂದೊಡನೆ ಕನ್ನಡದ ಕಿವಿಗೆ ಮೊಳೆಯನ್ನು ಎಳೆದುಕೊಳ್ಳುವ ಕಲ್ಲು ಕಾಣುತ್ತದೆ. ಆಮ್ಲಜನಕ ಮೊಳೆಯನ್ನು ಎಳೆಯುವುದಿಲ್ಲ. ಅದು ತಾನೇ ಬಲವಾದ ಅಯಸ್ಕಾಂತದ ಕಡೆಗೆ ಎಳೆಯಲ್ಪಡುತ್ತದೆ. ಅಯಸ್ಕಾಂತ ದೂರ ಸರಿದರೆ ಆ ಗುಣದ ಸುಳಿವೂ ಉಳಿಯುವುದಿಲ್ಲ.

ಇಂಥ ವರ್ತನೆಯನ್ನು ಈ ಲೇಖನದಲ್ಲಿ ಅನುಕಾಂತತೆ ಎಂದು ಕರೆಯುತ್ತೇನೆ. ಅಯಸ್ಕಾಂತದಿಂದ ತುಸು ದೂಡಲ್ಪಡುವ ವಸ್ತುಗಳದ್ದು ಪ್ರತಿಕಾಂತತೆ. ಈ ವಿಭಜನೆ ಮೈಕೇಲ್ ಫ್ಯಾರಡೆಯದು. 1845ರಲ್ಲಿ ಅವನು ಪ್ರತಿಕಾಂತತೆಯನ್ನು ಗುರುತಿಸಿದ. ಇಟಲಿಯ ಬಾಂಕಲಾರಿ 1847ರಲ್ಲಿ ಜ್ವಾಲೆಯೂ ಅಯಸ್ಕಾಂತದ ಪ್ರಭಾವಕ್ಕೆ ಒಳಗಾಗುವುದನ್ನು ತೋರಿಸಿದ ಮೇಲೆ ಫ್ಯಾರಡೆ ಅನಿಲಗಳ ಪರೀಕ್ಷೆಗೆ ತೊಡಗಿ, ಆಮ್ಲಜನಕವು ಅಯಸ್ಕಾಂತದ ಕಡೆಗೆ ಸರಿಯುವುದನ್ನು ಕಂಡುಕೊಂಡ. 1891ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜೇಮ್ಸ್ ಡ್ಯೂವರ್ ದ್ರವರೂಪದ ಆಮ್ಲಜನಕವನ್ನು ಅಯಸ್ಕಾಂತದ ಸನಿಹಕ್ಕೆ ತಂದಾಗ ಅದು ಮೇಲೆದ್ದು ಧ್ರುವಗಳಿಗೆ ಅಂಟಿಕೊಂಡಿತು. ಸೈದ್ಧಾಂತಿಕ ವಿವರಣೆ ಬರುವುದಕ್ಕೆ ನಾಲ್ಕು ದಶಕಗಳಷ್ಟು ಮೊದಲೇ ಕಣ್ಣಿಗೆ ಕಂಡ ಸಂಗತಿ ಇದು ಎಂಬುದನ್ನು ಪಾಠದಲ್ಲಿ ಒತ್ತಿ ಹೇಳಬೇಕು. ಭಾರತದಲ್ಲಿಯೂ ಕಾಂತರಸಾಯನವು ಬೇಗನೆ ಬೇರೂರಿದ ವಿಷಯ. ಶಾಂತಿಸ್ವರೂಪ ಭಟ್ನಾಗರ್ ಮತ್ತು ಕೆ. ಎನ್. ಮಾಥುರ್ ಈ ವಿಷಯದ ಮೇಲೆ 1935ರಲ್ಲಿ ಒಂದು ಪ್ರಮುಖ ಗ್ರಂಥವನ್ನು ಪ್ರಕಟಿಸಿದರು.

ಆದುದರಿಂದ ಗುಣವಾಚಕ ವಾಕ್ಯಕ್ಕೆ ಬದಲಾಗಿ ಘಟನೆಯನ್ನು ಹೇಳುವ ವಾಕ್ಯದಿಂದ ಪಾಠ ಆರಂಭವಾಗಬೇಕೆಂಬುದು ನನ್ನ ಸೂಚನೆ: 'ಬಲವಾದ ಅಯಸ್ಕಾಂತದ ಎರಡು ಧ್ರುವಗಳ ನಡುವೆ ದ್ರವ ಸಾರಜನಕವನ್ನು ಸುರಿದರೆ ಅದು ಕೆಳಗೆ ಬೀಳುತ್ತದೆ, ದ್ರವ ಆಮ್ಲಜನಕವನ್ನು ಸುರಿದರೆ ಅದು ನಡುವೆಯೇ ತಂಗಿ, ಆವಿಯಾಗುವವರೆಗೆ ಅಲ್ಲಿಯೇ ತೂಗುತ್ತದೆ.' ಇಲ್ಲಿ ಪಾರಿಭಾಷಿಕ ಪದ ಒಂದೂ ಇಲ್ಲ. ಸುರಿ, ಬೀಳು, ತಂಗು, ತೂಗು ಎಂಬ ನಾಲ್ಕು ಕ್ರಿಯಾಪದಗಳೇ ಕೆಲಸ ಮಾಡಿವೆ. ಕನ್ನಡದ ಬಲ ಕ್ರಿಯಾಪದದಲ್ಲಿದೆ; ನಮ್ಮ ವಿಜ್ಞಾನ ಗದ್ಯವು ಇಂಗ್ಲಿಷಿನ ನಾಮಪದಗಳ ಸರಣಿಯನ್ನು ಸಂಸ್ಕೃತದ ನಾಮಪದಗಳ ಸರಣಿಯಾಗಿ ಮಾರ್ಪಡಿಸುತ್ತ ಆ ಬಲವನ್ನು ಬಿಟ್ಟುಕೊಟ್ಟಿದೆ.

ಇಷ್ಟು ಹೇಳಿದೊಡನೆ ತರಗತಿಯಲ್ಲಿ ಏಳುವ ಪ್ರಶ್ನೆ: ಹಾಗಾದರೆ ಕೋಣೆಯ ಗಾಳಿಯೇಕೆ ಅಯಸ್ಕಾಂತಕ್ಕೆ ಮೆತ್ತಿಕೊಳ್ಳುವುದಿಲ್ಲ? ಒಳ್ಳೆಯ ಪ್ರಶ್ನೆ. ದ್ರವ ಆಮ್ಲಜನಕ ಕುದಿಯುವುದು ಶೂನ್ಯಕ್ಕಿಂತ 183 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಲ್ಲಿ ಒಂದು ಪಾತ್ರೆಯಲ್ಲಿ ಹಿಡಿಯುವ ಅಣುಗಳು ಕೋಣೆಯ ಉಷ್ಣತೆಯ ಅನಿಲದಲ್ಲಿ ಅದೇ ಪಾತ್ರೆ ಹಿಡಿಯುವುದಕ್ಕಿಂತ ಎಂಟುನೂರು ಪಟ್ಟಿಗೂ ಹೆಚ್ಚು. ಜೊತೆಗೆ, ಬಿಸಿ ಹೆಚ್ಚಿದಂತೆ ಅಣುಗಳ ತಾಕಲಾಟ ಹೆಚ್ಚಿ, ಅಯಸ್ಕಾಂತ ಅವುಗಳನ್ನು ಒಂದೇ ದಿಕ್ಕಿಗೆ ತಿರುಗಿಸುವುದು ಕಷ್ಟವಾಗುತ್ತದೆ. ಈ ವಿಲೋಮ ಸಂಬಂಧವನ್ನು 1895ರಲ್ಲಿ ಪಿಯರ್ ಕ್ಯೂರಿ ನಿರೂಪಿಸಿದ. ಗಾಳಿಯಲ್ಲಿಯೂ ಸೆಳೆತ ಇದ್ದೇ ಇದೆ, ಅತಿ ಸೂಕ್ಷ್ಮವಾಗಿ. ಆ ಸೂಕ್ಷ್ಮ ಸೆಳೆತವನ್ನೇ ಅಳೆದು ಗಾಳಿಯಲ್ಲಿ ಆಮ್ಲಜನಕದ ಪ್ರಮಾಣವನ್ನು ಹೇಳುವ ಉಪಕರಣವನ್ನು ಲೈನಸ್ ಪೌಲಿಂಗ್ 1940ರಲ್ಲಿ ರೂಪಿಸಿದ. ಪ್ರಯೋಗವನ್ನು ಕಾಲೇಜಿನಲ್ಲಿ ಮಾಡಿ ತೋರಿಸುವ ಆಸೆ ಮಾತ್ರ ಬೇಡ. ದ್ರವ ಆಮ್ಲಜನಕ ಎಣ್ಣೆ, ಬಟ್ಟೆ, ಮರದ ಹೊಟ್ಟು ಯಾವುದನ್ನು ತಾಕಿದರೂ ಅವು ಸ್ಫೋಟಕವಾಗಬಲ್ಲವು. ಚಲಚ್ಚಿತ್ರದಲ್ಲಿ ನೋಡಿದರೆ ಸಾಕು.

ಒಂಟಿ, ಜೋಡಿ, ಪ್ರತಿಬಂಧ

ಅನುಕಾಂತತೆಗೆ ಕಾರಣ ಜೋಡಿಯಾಗದೆ ಉಳಿದ ಎಲೆಕ್ಟ್ರಾನುಗಳು. ಜೋಡಿಯಾದ ಎರಡು ಎಲೆಕ್ಟ್ರಾನುಗಳ ಕಾಂತಪರಿಣಾಮ ಒಂದನ್ನೊಂದು ಅಳಿಸಿಹಾಕುತ್ತದೆ. ಎರಡು ಗೆರೆಯ ಚಿತ್ರದಲ್ಲಿ ಎಲ್ಲವೂ ಜೋಡಿಯಾಗಿಯೇ ಇವೆ. ಆ ಚಿತ್ರ ಸರಿಯಾಗಿದ್ದರೆ ದ್ರವ ಆಮ್ಲಜನಕವೂ ಸಾರಜನಕದಂತೆ ಕೆಳಗೆ ಬೀಳಬೇಕಿತ್ತು. ಇಲ್ಲಿ ಕನ್ನಡ ಪಾಠ ಎದುರಿಸುವ ತೊಡಕು ಬಹಳ ನಿರ್ದಿಷ್ಟವಾದುದು. ಬಂಧದಲ್ಲಿ ಭಾಗವಹಿಸದ ಎಲೆಕ್ಟ್ರಾನ್ ಜೋಡಿಯನ್ನು ಇಂಗ್ಲಿಷಿನ ಜಾಡಿನಲ್ಲಿ 'ಒಂಟಿ ಜೋಡಿ' ಎಂದು ಕರೆಯುವುದುಂಟು. ಜೋಡಿಯಿಲ್ಲದ ಎಲೆಕ್ಟ್ರಾನನ್ನು 'ಒಂಟಿ ಎಲೆಕ್ಟ್ರಾನ್' ಎನ್ನುವುದೂ ಉಂಟು. ಆಮ್ಲಜನಕದ ಚಿತ್ರದಲ್ಲಿ ಪ್ರತಿ ಪರಮಾಣುವಿನ ಮೇಲೂ ಎರಡೆರಡು ಒಂಟಿ ಜೋಡಿಗಳಿವೆ. ಅಧ್ಯಾಪಕರು 'ಒಂಟಿ ಎಲೆಕ್ಟ್ರಾನುಗಳಿಂದ ಕಾಂತಗುಣ ಬರುತ್ತದೆ' ಎಂದೊಡನೆ ವಿದ್ಯಾರ್ಥಿ ಆ ಒಂಟಿ ಜೋಡಿಗಳ ಕಡೆಗೆ ಕೈತೋರಿಸುತ್ತಾನೆ. ಅವನ ತರ್ಕದಲ್ಲಿ ಲೋಪವಿಲ್ಲ. ನಾವು ಕೊಟ್ಟ ಭಾಷೆಯನ್ನು ಅವನು ನಂಬಿದ್ದಾನೆ ಅಷ್ಟೆ. ಮೊದಲನೆಯದನ್ನು ಬಂಧೇತರ ಜೋಡಿ ಎಂದೂ ಎರಡನೆಯದನ್ನು ಜೋಡಿಯಿಲ್ಲದ ಎಲೆಕ್ಟ್ರಾನ್ ಎಂದೂ ಕರೆದು, ಒಂಟಿ ಎಂಬ ಪದವನ್ನು ಈ ಅಧ್ಯಾಯದಿಂದಲೇ ಹೊರಗಿಡುವುದು ಲೇಸು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಎರಡು ಪರಮಾಣುಗಳ ಕಕ್ಷಕಗಳು ಕೂಡಿ ಅಣುಕಕ್ಷಕಗಳಾಗುವಾಗ ಬಂಧವನ್ನು ಗಟ್ಟಿಗೊಳಿಸುವ ಕಕ್ಷಕ ಒಂದಾದರೆ, ಅದಕ್ಕೆ ಎದುರಾಗಿ ಬಂಧವನ್ನು ಸಡಿಲಿಸುವ ಕಕ್ಷಕ ಮತ್ತೊಂದು. ಈ ಎರಡನೆಯದನ್ನು ಪ್ರತಿಬಂಧ ಕಕ್ಷಕ ಎಂದರೆ ಏನಾಗುತ್ತದೆ? ಪ್ರತಿಬಂಧ ಎಂದರೆ ಅಡ್ಡಿ ಎಂಬ ರೂಢಿಯ ಅರ್ಥ ಕನ್ನಡದಲ್ಲಿದೆ. ಆ ಕಕ್ಷಕದಲ್ಲಿ ಕುಳಿತ ಎಲೆಕ್ಟ್ರಾನ್ ಬಂಧಕ್ಕೆ ಅಡ್ಡಿಯಾಗುವುದೂ ನಿಜ. ಯೌಗಿಕಾರ್ಥ ಮತ್ತು ರೂಢ್ಯರ್ಥ ಎರಡೂ ಒಂದೇ ಕಡೆಗೆ ಬೆರಳು ತೋರುವ ಇಂಥ ಪದಗಳು ಅಪರೂಪ.

ಲೆಕ್ಕ ಹೀಗಿದೆ. ಎರಡು ಪರಮಾಣುಗಳ ಹೊರಕವಚದ ಎಲೆಕ್ಟ್ರಾನುಗಳು ಒಟ್ಟು ಹನ್ನೆರಡು. ಅವುಗಳಲ್ಲಿ ಎಂಟು ಬಂಧಕಾರಿ ಕಕ್ಷಕಗಳಲ್ಲಿಯೂ ನಾಲ್ಕು ಪ್ರತಿಬಂಧ ಕಕ್ಷಕಗಳಲ್ಲಿಯೂ ಕೂರುತ್ತವೆ. ಎಂಟರಲ್ಲಿ ನಾಲ್ಕು ಕಳೆದು ಅರ್ಧಿಸಿದರೆ ಎರಡು. ಗೆರೆಗಳ ಸಂಖ್ಯೆ ಹಳೆಯ ಚಿತ್ರದಲ್ಲಿದ್ದಷ್ಟೇ. ಆದರೆ ಕೊನೆಯ ಎರಡು ಎಲೆಕ್ಟ್ರಾನುಗಳಿಗೆ ಸಮಾನ ಶಕ್ತಿಯ ಎರಡು ಪೈ ಪ್ರತಿಬಂಧ ಕಕ್ಷಕಗಳು ದೊರೆಯುತ್ತವೆ. ಒಂದರಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು, ಒಂದೇ ದಿಕ್ಕಿನ ಗಿರಕಿಯೊಡನೆ ಕೂರುವುದು ಅವುಗಳಿಗೆ ಕಡಿಮೆ ಶಕ್ತಿಯ ಸ್ಥಿತಿ. ಬಸ್ಸಿನಲ್ಲಿ ಅಪರಿಚಿತರು ಖಾಲಿ ಸೀಟುಗಳಲ್ಲಿ ಬೇರೆಬೇರೆಯಾಗಿ ಕೂರುವ ಪ್ರಸಿದ್ಧ ಹೋಲಿಕೆ ಇಲ್ಲಿ ಬಂದೇ ಬರುತ್ತದೆ. ಬರಲಿ, ಆದರೆ ಅವರು ಒಂದೇ ದಿಕ್ಕಿಗೆ ಮುಖ ಮಾಡುವುದೇಕೆ ಎಂಬುದನ್ನು ಬಸ್ಸು ವಿವರಿಸಲಾರದು. ಈ ಎರಡು ಎಲೆಕ್ಟ್ರಾನುಗಳಿಂದ ಬರುವ ಕಾಂತಭ್ರಾಮಕದ ಲೆಕ್ಕ ಎಂಟರ ವರ್ಗಮೂಲ, ಸುಮಾರು 2.83 ಬೋರ್ ಮ್ಯಾಗ್ನೆಟಾನ್. ಅಳತೆ ಇದಕ್ಕೆ ಹೊಂದುತ್ತದೆ. ಧನ ಆವೇಶದ ಆಮ್ಲಜನಕ ಅಣುವಿನಲ್ಲಿ ಪ್ರತಿಬಂಧದ ಒಂದು ಎಲೆಕ್ಟ್ರಾನ್ ಕಳಚಿಹೋಗಿರುವುದರಿಂದ ಬಂಧದ ಉದ್ದ 121 ಪಿಕೋಮೀಟರಿನಿಂದ 112ಕ್ಕೆ ಇಳಿಯುತ್ತದೆ. ಎಲೆಕ್ಟ್ರಾನನ್ನು ಕಳೆದುಕೊಂಡು ಬಂಧ ಗಟ್ಟಿಯಾಯಿತು ಎಂಬ ಈ ವಿಪರ್ಯಾಸ ಪ್ರತಿಬಂಧ ಎಂಬ ಪದವನ್ನು ಸಾರ್ಥಕಗೊಳಿಸುತ್ತದೆ.

1928ರಲ್ಲಿ ರಾಬರ್ಟ್ ಮುಲ್ಲಿಕನ್ ರೋಹಿತದ ಆಧಾರದಿಂದ, 1929ರಲ್ಲಿ ಲೆನಾರ್ಡ್-ಜೋನ್ಸ್ ಅಣುಕಕ್ಷಕಗಳ ಲೆಕ್ಕದಿಂದ ಇದನ್ನು ಸ್ಥಾಪಿಸಿದರು. ಪಠ್ಯಪುಸ್ತಕಗಳು ಇದನ್ನು ಒಂದು ಸಿದ್ಧಾಂತದ ಸೋಲು, ಮತ್ತೊಂದರ ಗೆಲುವು ಎಂಬಂತೆ ಹೇಳುವುದು ಪೂರ್ತಿ ನ್ಯಾಯವಲ್ಲ. 1931ರಲ್ಲಿ ಪೌಲಿಂಗ್ ಮೂರು ಎಲೆಕ್ಟ್ರಾನುಗಳ ಬಂಧ ಎಂಬ ಕಲ್ಪನೆಯ ಮೂಲಕ ಎದುರು ಪಕ್ಷದಿಂದಲೂ ಅನುಕಾಂತತೆಯನ್ನು ವಿವರಿಸಿದ್ದಾನೆ. ಸೋತದ್ದು ಗೆರೆಯ ಸರಳ ಚಿತ್ರ ಮಾತ್ರ.

ಪ್ರಸ್ತಾರ ಮತ್ತು ತ್ರಿಕ

ಇಂಥ ಸ್ಥಿತಿಗೆ ಇಂಗ್ಲಿಷಿನಲ್ಲಿ ಟ್ರಿಪ್ಲೆಟ್ ಎಂದು ಹೆಸರು. ಕನ್ನಡದಲ್ಲಿ ತ್ರಿವಳಿ ಎಂದರೆ ಮೂರು ಮಕ್ಕಳು ನೆನಪಾಗುತ್ತವೆ; ಇರುವುದು ಎರಡೇ ಎಲೆಕ್ಟ್ರಾನ್, ಮೂರನೆಯದು ಎಲ್ಲಿ ಎಂದು ವಿದ್ಯಾರ್ಥಿ ಹುಡುಕುತ್ತಾನೆ. ತ್ರಿಕ ಎಂಬುದು ವಾಸಿ. ಆದರೂ ಮೂರು ಎಂಬುದು ವಸ್ತುಗಳ ಎಣಿಕೆಯಲ್ಲ, ವಿನ್ಯಾಸಗಳ ಎಣಿಕೆ ಎಂಬುದನ್ನು ಹೇಳಲೇಬೇಕು. ವಿನ್ಯಾಸಗಳನ್ನು ಎಣಿಸುವ ಶಾಸ್ತ್ರವೊಂದು ಕನ್ನಡ ಅಧ್ಯಾಪಕರ ಮನೆಯಲ್ಲಿಯೇ ಇದೆ. ನಾಗವರ್ಮನ 'ಛಂದೋಂಬುಧಿ' ನಿರೂಪಿಸುವ ಷಟ್‌ಪ್ರತ್ಯಯಗಳಲ್ಲಿ ಮೊದಲನೆಯದಾದ ಪ್ರಸ್ತಾರವನ್ನು ನೆನೆಯಬಹುದು. ಎರಡು ಅಕ್ಷರಗಳ ಪಾದದಲ್ಲಿ ಗುರುಲಘುಗಳ ವಿನ್ಯಾಸ ನಾಲ್ಕು ಬಗೆ: ಗುರು-ಗುರು, ಲಘು-ಗುರು, ಗುರು-ಲಘು, ಲಘು-ಲಘು. ಮೇಲ್ಮುಖ ಗಿರಕಿಯನ್ನು ಗುರುವೆಂದೂ ಕೆಳಮುಖ ಗಿರಕಿಯನ್ನು ಲಘುವೆಂದೂ ಭಾವಿಸಿದರೆ ಎರಡು ಎಲೆಕ್ಟ್ರಾನುಗಳಿಗೂ ನಾಲ್ಕೇ ವಿನ್ಯಾಸ. ಹೋಲಿಕೆ ಇಲ್ಲಿಯವರೆಗೆ ಸೊಗಸಾಗಿದೆ, ಇದರಾಚೆಗೆ ಮುರಿಯುತ್ತದೆ. ಛಂದಸ್ಸಿನಲ್ಲಿ ಗುರು-ಲಘುವೂ ಲಘು-ಗುರುವೂ ಕಿವಿಗೆ ಬೇರೆಬೇರೆ. ಎಲೆಕ್ಟ್ರಾನುಗಳಲ್ಲಿ ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂದು ಗುರುತಿಡಲು ಬಾರದು. ಆದುದರಿಂದ ಆ ಎರಡು ವಿನ್ಯಾಸಗಳು ಕೂಡಿ ಒಂದು ಸ್ಥಿತಿ, ಕಳೆದು ಮತ್ತೊಂದು ಸ್ಥಿತಿ ಆಗುತ್ತವೆ. ಗುರು-ಗುರು, ಲಘು-ಲಘು ಮತ್ತು ಕೂಡಿದ ಸ್ಥಿತಿ ಇವು ತ್ರಿಕ. ಕಳೆದ ಸ್ಥಿತಿ ಏಕಕ. ಅಯಸ್ಕಾಂತವಿಲ್ಲದಾಗ ತ್ರಿಕದ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಶಕ್ತಿ. ಅಯಸ್ಕಾಂತದ ನಡುವೆ ಇಟ್ಟಾಗ ಮೂರೂ ಬೇರೆಬೇರೆಯಾಗುತ್ತವೆ.

ಇನ್ನೊಂದು ಪ್ರತ್ಯಯ ಇದಕ್ಕಿಂತಲೂ ನೆರವಾಗುತ್ತದೆ. ಇಂತಿಷ್ಟು ಅಕ್ಷರಗಳ ಪಾದದಲ್ಲಿ ಇಂತಿಷ್ಟೇ ಗುರುಗಳಿರುವ ರೂಪಗಳು ಎಷ್ಟು ಎಂದು ಹೇಳುವ ಲಗಕ್ರಿಯೆ. ಎರಡು ಕಕ್ಷಕಗಳಲ್ಲಿ ಮೇಲ್ಮುಖ, ಕೆಳಮುಖ ಎಂದು ಎರಡೆರಡರಂತೆ ನಾಲ್ಕು ಆಸನಗಳು. ನಾಲ್ಕು ಆಸನಗಳನ್ನು ನಾಲ್ಕು ಅಕ್ಷರಗಳೆಂದೂ, ಎಲೆಕ್ಟ್ರಾನ್ ಕುಳಿತ ಆಸನವನ್ನು ಗುರುವೆಂದೂ, ಖಾಲಿ ಆಸನವನ್ನು ಲಘುವೆಂದೂ ಇಟ್ಟುಕೊಂಡರೆ ಪ್ರಶ್ನೆ ಹೀಗಾಗುತ್ತದೆ: ನಾಲ್ಕು ಅಕ್ಷರಗಳಲ್ಲಿ ಎರಡು ಗುರು ಬರುವ ರೂಪಗಳೆಷ್ಟು? ಮೇರುವಿನ ಉತ್ತರ ಆರು. ಇಲ್ಲಿ ಹೋಲಿಕೆ ಮುರಿಯುವುದಿಲ್ಲ. ಏಕೆಂದರೆ ಒಂದು ಗುರುವಿಗೂ ಇನ್ನೊಂದು ಗುರುವಿಗೂ ಛಂದಸ್ಸಿನಲ್ಲಿಯೂ ಹೆಸರಿನ ಭೇದವಿಲ್ಲ. ಆ ಆರರಲ್ಲಿ ಮೂರು ತ್ರಿಕಕ್ಕೆ ಸೇರುತ್ತವೆ. ಉಳಿದ ಮೂರು ಏಕಕಗಳಲ್ಲಿ ಎರಡಕ್ಕೆ ಒಂದು ಶಕ್ತಿ, ಒಂದಕ್ಕೆ ಮತ್ತೊಂದು. ಎರಡರ ಗುಂಪಿಗೆ ಡೆಲ್ಟಾ ಎಂದೂ ಒಂದಕ್ಕೆ ಸಿಗ್ಮಾ ಎಂದೂ ಹೆಸರು. ತಳದ ತ್ರಿಕಸ್ಥಿತಿಯಿಂದ ಡೆಲ್ಟಾ 0.98 ಎಲೆಕ್ಟ್ರಾನ್ ವೋಲ್ಟ್ ಎತ್ತರದಲ್ಲಿಯೂ ಸಿಗ್ಮಾ 1.63 ಎಲೆಕ್ಟ್ರಾನ್ ವೋಲ್ಟ್ ಎತ್ತರದಲ್ಲಿಯೂ ಇವೆ. ಆಮ್ಲಜನಕದ ಬಣ್ಣದ ಕಥೆಯೆಲ್ಲ ಈ ಎರಡು ಸಂಖ್ಯೆಗಳಿಂದ ಹೊರಡುತ್ತದೆ.

ನೆಟ್ಟನೆಯ ಮಳೆಬಿಲ್ಲು

ಕನ್ನಡ ವಿಜ್ಞಾನ ಬರಹದಲ್ಲಿ ನೆಲೆನಿಂತ ರೋಹಿತ ಎಂಬ ಪದದ ಔಚಿತ್ಯವನ್ನು ನಾವು ಸಾಕಷ್ಟು ಗಮನಿಸಿದಂತಿಲ್ಲ. ಅಮರಕೋಶದ ಪ್ರಕಾರ ಬಾಗದೆ ನೇರವಾಗಿ ಕಾಣುವ ಇಂದ್ರಧನುಸ್ಸೇ ರೋಹಿತ. ಪಟ್ಟಕದ ಹಿಂದೆ ಗೋಡೆಯ ಮೇಲೆ ಬೀಳುವ ಏಳು ಬಣ್ಣದ ನೇರ ಪಟ್ಟಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ. ಇಂಗ್ಲಿಷಿನ ಮೂಲಪದಕ್ಕೆ ಲ್ಯಾಟಿನ್ನಿನಲ್ಲಿರುವ ಅರ್ಥ ಬರಿಯ ತೋರಿಕೆ, ಛಾಯೆ ಎಂದಷ್ಟೆ. ರೋಹಿತಕ್ಕೆ ಕೆಂಪು ಎಂಬ ಅರ್ಥವೂ ಉಂಟು. ಕಾಕತಾಳೀಯವಾಗಿ, ಆಮ್ಲಜನಕ ತನ್ನ ಗುರುತನ್ನು ಒತ್ತಿರುವುದು ಸೂರ್ಯನ ರೋಹಿತದ ಕೆಂಪು ತುದಿಯಲ್ಲಿಯೇ.

1814ರಲ್ಲಿ ಫ್ರೌನ್‌ಹೋಫರ್ ಸೂರ್ಯನ ರೋಹಿತದಲ್ಲಿ ಕಪ್ಪು ಗೆರೆಗಳನ್ನು ಗುರುತಿಸಿ, ಮುಖ್ಯವಾದವಕ್ಕೆ ಕೆಂಪಿನ ಕಡೆಯಿಂದ ಎ, ಬಿ, ಸಿ ಎಂದು ಅಕ್ಷರಗಳನ್ನು ಕೊಟ್ಟ. 656 ನ್ಯಾನೋಮೀಟರಿನ ಸಿ ಗೆರೆ ಸೂರ್ಯನ ಜಲಜನಕದ್ದು. ಆದರೆ 760ರ ಎ ಮತ್ತು 687ರ ಬಿ ಸೂರ್ಯನವಲ್ಲ. ಬೆಳಕು ನಮ್ಮ ಗಾಳಿಯನ್ನು ದಾಟುವಾಗ ಆಮ್ಲಜನಕ ನುಂಗಿದ ಪಾಲು. ತಳದಿಂದ ಸಿಗ್ಮಾಕ್ಕೆ ಏರಲು ಬೇಕಾದ 1.63 ಎಲೆಕ್ಟ್ರಾನ್ ವೋಲ್ಟಿನಿಂದ 1240ನ್ನು ಭಾಗಿಸಿದರೆ 760 ಬರುತ್ತದೆ. ಬಿ ಎಂಬುದು ಅದೇ ಏರಿಕೆಯೊಡನೆ ಅಣುವಿನ ಕಂಪನವೂ ಸೇರಿದ ರೂಪ. 1868ರ ಆಗಸ್ಟ್ 18ರ ಗ್ರಹಣವನ್ನು ನೋಡಲು ಗುಂಟೂರಿಗೆ ಬಂದಿದ್ದ ಫ್ರಾನ್ಸಿನ ಜಾನ್ಸನ್ ಈ ಭೂಮೂಲದ ಗೆರೆಗಳನ್ನು ಬಿಡದೆ ಬೆನ್ನಟ್ಟಿದವನು. 1889ರಲ್ಲಿ ಹೊಸತಾಗಿ ಎದ್ದ ಐಫೆಲ್ ಗೋಪುರದ ದೀಪವನ್ನು ಮ್ಯೂಡನ್ನಿನ ತನ್ನ ವೀಕ್ಷಣಾಲಯದಿಂದ ನೋಡಿ, ಸೂರ್ಯನಿಲ್ಲದ ಬೆಳಕಿನಲ್ಲಿಯೂ ಅವೇ ಗೆರೆಗಳು ಮೂಡುವುದನ್ನು ಅವನು ತೋರಿಸಿದ.

ಈ ಏರಿಕೆಗಳನ್ನು ಶಾಸ್ತ್ರ 'ನಿಷಿದ್ಧ' ಎನ್ನುತ್ತದೆ. ಏಕೆಂದರೆ ತ್ರಿಕದಿಂದ ಏಕಕಕ್ಕೆ ಹೋಗಲು ಗಿರಕಿ ತಿರುಗಬೇಕು, ಬೆಳಕು ಅದನ್ನು ನೇರವಾಗಿ ತಿರುಗಿಸಲಾರದು. ನಿಷಿದ್ಧ ಎಂಬ ಪದಕ್ಕೆ ನಮ್ಮಲ್ಲಿ ಧರ್ಮಶಾಸ್ತ್ರದ ಗಡಸು ಇದೆ. ನಿಷಿದ್ಧವಾದದ್ದು ಕಣ್ಣಿಗೆ ಕಾಣುವುದು ಹೇಗೆ ಎಂದು ವಿದ್ಯಾರ್ಥಿ ಕೇಳಿದರೆ, ವ್ಯಾಕರಣದಿಂದ ಉತ್ತರ ಕೊಡಬಹುದು. ಕೇಶಿರಾಜನು ಅರಿಸಮಾಸವನ್ನು ಸಲ್ಲದೆನ್ನುತ್ತಾನೆ. ಆದರೂ ಬಿರುದಾವಳಿಗಳಲ್ಲಿಯೂ ಹಿಂದಿನ ಕವಿಗಳ ಪ್ರಯೋಗಗಳಲ್ಲಿಯೂ ಅದಕ್ಕೆ ಎಡೆ ಬಿಡುತ್ತಾನೆ. ಒಂದು ಪದ್ಯದಲ್ಲಿ ಕಾಣದ ರೂಪ ವಾಙ್ಮಯದ ವಿಸ್ತಾರದಲ್ಲಿ ಅಲ್ಲಲ್ಲಿ ಕಾಣುತ್ತದೆ. ಹಾಗೆಯೇ ಒಂದು ಜಾಡಿಯ ಆಮ್ಲಜನಕದಲ್ಲಿ ಕಾಣದ ಹೀರಿಕೆ ಹತ್ತಾರು ಕಿಲೋಮೀಟರ್ ಗಾಳಿಯಲ್ಲಿ ದಟ್ಟವಾದ ಕಪ್ಪು ಪಟ್ಟಿಯಾಗುತ್ತದೆ. ನಿಷಿದ್ಧ ಎಂದರೆ ಇಲ್ಲಿ ಅತಿ ವಿರಳ ಎಂದಷ್ಟೇ ಅರ್ಥ. ಇದರ ಮತ್ತೊಂದು ಮುಖ ಡೆಲ್ಟಾ ಸ್ಥಿತಿಯ ಆಯುಸ್ಸು. ಬೇರಾವ ಅಣುವೂ ತಾಕದ ಏಕಾಂತದಲ್ಲಿ ಬೆಳಕು ಚೆಲ್ಲಿ ತಳಕ್ಕಿಳಿಯಲು ಅದಕ್ಕೆ ಸರಾಸರಿ ಒಂದು ಗಂಟೆಗೂ ಹೆಚ್ಚು ಬೇಕು. ನೀರಿನಲ್ಲಾದರೆ ಕೆಲವೇ ಮೈಕ್ರೋಸೆಕೆಂಡು.

ಇನ್ನು ದ್ರವ ಆಮ್ಲಜನಕದ ತಿಳಿನೀಲಿ. ಅನಿಲಕ್ಕೆ ಬಣ್ಣವಿಲ್ಲ, ದ್ರವಕ್ಕೆ ಇದೆ. ಆಕಾಶದ ನೀಲಿಗೂ ಇದಕ್ಕೂ ಸಂಬಂಧವಿಲ್ಲವೆಂದು ಮೊದಲೇ ಹೇಳಿಬಿಡಬೇಕು. ಆಕಾಶದ್ದು ಬೆಳಕಿನ ಚದುರಿಕೆ. ದ್ರವದಲ್ಲಿ ಅಣುಗಳು ಒತ್ತೊತ್ತಾಗಿ ಇರುವುದರಿಂದ ಒಂದೇ ಫೋಟಾನ್ ಎರಡು ಅಣುಗಳನ್ನು ಒಟ್ಟಿಗೆ ಡೆಲ್ಟಾ ಸ್ಥಿತಿಗೆ ಎತ್ತಬಲ್ಲದು. 0.98ರ ಇಮ್ಮಡಿ 1.96, ಅದರಿಂದ 1240ನ್ನು ಭಾಗಿಸಿದರೆ ಸುಮಾರು 630 ನ್ಯಾನೋಮೀಟರ್, ಎಂದರೆ ಕಿತ್ತಳೆಗೆಂಪು. ಕಂಪನವೂ ಸೇರಿದರೆ 577ರ ಹಳದಿ. ಕೆಂಪು ಹಳದಿಗಳನ್ನು ಕಳೆದುಕೊಂಡ ಬೆಳಕು ನೀಲಿಯಾಗಿ ಕಾಣುತ್ತದೆ. ಎರಡು ತ್ರಿಕಗಳು ಕೂಡಿ ಎರಡು ಏಕಕಗಳಾಗುವಾಗ ಒಟ್ಟು ಗಿರಕಿಯ ಲೆಕ್ಕ ಸರಿಹೋಗುವುದರಿಂದ ಗಿರಕಿಯ ಆ ನಿಷೇಧವೂ ಇಲ್ಲಿ ಸಡಿಲಾಗುತ್ತದೆ. ಜೋಡಿ ಬೇಕಾದ್ದರಿಂದ ಇಂಥ ಹೀರಿಕೆ ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಈ ವರ್ಗಸಂಬಂಧವನ್ನು ಜಾನ್ಸನ್ನೇ, ಕಾರಣ ತಿಳಿಯುವುದಕ್ಕೆ ಬಹಳ ಮೊದಲು, ಒತ್ತಿದ ಆಮ್ಲಜನಕದಲ್ಲಿ ಅಳೆದಿದ್ದ.

ಪಾಠ ಇಲ್ಲಿಗೆ ಬಂದಾಗ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಗಾಳಿಯ ಐದನೆಯ ಒಂದು ಭಾಗ ಆಮ್ಲಜನಕವಾಗಿರುವಾಗ ಪುಸ್ತಕಗಳೂ ಮರಗಳೂ ನಾವೂ ಕೋಣೆಯ ಉಷ್ಣತೆಯಲ್ಲಿ ಉರಿದುಹೋಗುವುದಿಲ್ಲವೇಕೆ? ಜೀವದ್ರವ್ಯದ ಅಣುಗಳು ಬಹುಪಾಲು ಏಕಕಗಳು, ಆಮ್ಲಜನಕ ತ್ರಿಕ. ಅವು ನೇರವಾಗಿ ಕೂಡಿ ಏಕಕಗಳನ್ನೇ ಕೊಡುವುದು ಅದೇ ಗಿರಕಿಯ ಕಟ್ಟಳೆಯಿಂದ ತೀರ ನಿಧಾನ. ಕಿಡಿಯೋ ಕಿಣ್ವವೋ ನೆರವಿಗೆ ಬರಬೇಕು. ಏಕಕವಾಗಿ ಮಾರ್ಪಟ್ಟ ಆಮ್ಲಜನಕ ಹಾಗೆ ತಡೆಯುವುದಿಲ್ಲ; ಬೆಳಕಿನಿಂದ ಅದನ್ನು ಗಂತಿಯೊಳಗೇ ಹುಟ್ಟಿಸಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಚಿಕಿತ್ಸೆಯೂ ಇದೆ.

ತರಗತಿಗೆ ಉಪಕರಣವೆಂದರೆ ಸೀಳುಕಂಡಿಯುಳ್ಳ ಸಣ್ಣ ರೋಹಿತದರ್ಶಕ ಸಾಕು. ಸೂರ್ಯನತ್ತ ನೇರವಾಗಿ ಹಿಡಿಯದೆ, ಬೆಳ್ಳನೆಯ ಮೋಡದತ್ತಲೋ ಸಂಜೆಯ ಪಡುವಣ ಆಕಾಶದತ್ತಲೋ ತಿರುಗಿಸಬೇಕು. ಸಿ ಗೆರೆ ಮಧ್ಯಾಹ್ನಕ್ಕೂ ಸಂಜೆಗೂ ಒಂದೇ ತೆರನಾಗಿರುತ್ತದೆ. ಅದರಾಚೆಯ ಬಿ ಗೆರೆ ಹೊತ್ತು ಇಳಿದಂತೆ, ಬೆಳಕು ದಾಟಬೇಕಾದ ಗಾಳಿ ಹೆಚ್ಚಿದಂತೆ, ಕಪ್ಪಾಗುತ್ತ ಹೋಗುತ್ತದೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ನೋಡಿದ ವಿದ್ಯಾರ್ಥಿಗೆ ಯಾವುದು ಸೂರ್ಯನದು, ಯಾವುದು ತಾನು ಉಸಿರಾಡುವ ಗಾಳಿಯದು ಎಂದು ಬೇರೆ ಹೇಳಬೇಕಾಗುವುದಿಲ್ಲ.